ಸ್ವಾಹಿಲಿ ದುಭಾಷಿ ಬೇಕಾ? ಮೊದಲು ‘ಯಾವ ಊರಿನ ಸ್ವಾಹಿಲಿ’ ಅಂತ ಕೇಳಿ

ಒಂದು ಹೇಳಿಕೆಯಲ್ಲಿ ‘ರಾತ್ರಿ ಎರಡು ಗಂಟೆಗೆ ಮನೆಗೆ ನುಗ್ಗಿದರು’ ಅಂತ ಇತ್ತು. ಇನ್ನೊಂದರಲ್ಲಿ ‘ರಾತ್ರಿ ಎಂಟು ಗಂಟೆಗೆ’. ಹೇಳಿದ್ದು ಒಬ್ಬಳೇ ಹೆಂಗಸು, ಒಂದೇ ರಾತ್ರಿಯ ಮಾತು. ಪ್ರಶ್ನೆ ಕೇಳುತ್ತಿದ್ದ ಅಧಿಕಾರಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಎರಡೂ ಕಡೆ ಪೆನ್ನಿನಿಂದ ಗೆರೆ ಎಳೆದು, ‘ಇದರಲ್ಲಿ ಯಾವುದು ಸುಳ್ಳು?’ ಅಂದರು. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲವೂ ಆಕೆ ಹೇಳಿದ್ದು ಅವೇ ಮೂರು ಪದ: ಸಾ ಮ್ಬಿಲಿ ಉಸಿಕು.

ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಹೊತ್ತು ಹುಟ್ಟಿದಲ್ಲಿಂದ, ಹೊತ್ತು ಮುಳುಗಿದಲ್ಲಿಂದ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಏಳು ಅಂದರೆ ಅವರಿಗೆ ‘ಸಾ ಮೋಜ’, ಅಂದರೆ ಒಂದು ಗಂಟೆ. ಎಂಟು ಅಂದರೆ ‘ಸಾ ಮ್ಬಿಲಿ’, ಎರಡು ಗಂಟೆ. ರಾತ್ರಿಗೂ ಅದೇ ಲೆಕ್ಕ. ಹಾಗಾಗಿ ‘ಸಾ ಮ್ಬಿಲಿ ಉಸಿಕು’ ಅಂದರೆ ರಾತ್ರಿ ಎಂಟು ಗಂಟೆ. ಮೊದಲ ಸಲ ದುಭಾಷಿಯಾಗಿ ಕೂತಿದ್ದವರು ಪದಕ್ಕೆ ಪದ ಹಾಕಿ ‘ಎರಡು’ ಅಂದುಬಿಟ್ಟಿದ್ದರು. ಅವರಿಗೆ ಸ್ವಾಹಿಲಿ ಬರುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಕಾನೂನಿನ ಕೆಲಸಕ್ಕೆ ಬೇಕಾದ ದುಭಾಷಿ ಅವರಾಗಿರಲಿಲ್ಲ.

ವಕೀಲರ ಕಚೇರಿಯಲ್ಲಿ ದುಭಾಷಿಗಳನ್ನು ಹುಡುಕಿ ಗೊತ್ತುಮಾಡುವ ಕೆಲಸ ನನ್ನದು. ‘ಸ್ವಾಹಿಲಿ ಬರೋರು ಯಾರಾದ್ರೂ ಇದ್ದಾರಾ?’ ಅಂತ ಜನ ಕೇಳುತ್ತಲೇ ಇರುತ್ತಾರೆ. ಅದು ತಪ್ಪು ಪ್ರಶ್ನೆ. ಸರಿಯಾದ ಪ್ರಶ್ನೆ ಬೇರೆ ಇದೆ. ಹಂತಹಂತವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ದುಭಾಷಿಯನ್ನಲ್ಲ, ಮಾತಾಡುವವರನ್ನು ಕೇಳಿ

ಸ್ವಾಹಿಲಿ ಮಾತಾಡುವವರು ಯುನೆಸ್ಕೋ ಲೆಕ್ಕದಲ್ಲಿ 20 ಕೋಟಿಗೂ ಜಾಸ್ತಿ. ಅವರಲ್ಲಿ ಬಹುಪಾಲು ಜನರಿಗೆ ಅದು ಮನೆಮಾತಲ್ಲ, ಸಂತೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕಲಿತ ಎರಡನೇ ಭಾಷೆ. ತಾಂಜಾನಿಯಾ, ಕೀನ್ಯಾ, ಉಗಾಂಡಾ, ರುವಾಂಡಾ, ಬುರುಂಡಿ, ಕಾಂಗೋದ ಪೂರ್ವ ಭಾಗ, ಇವೆಲ್ಲ ಕಡೆ ಅದು ಓಡಾಡುತ್ತದೆ. ಪುಸ್ತಕದ ಸ್ವಾಹಿಲಿಗೆ ಅಡಿಪಾಯ ಜಾಂಜಿಬಾರಿನ ಆಡುಮಾತು. ಮೊಂಬಾಸಾದವರ ಮಾತು ಅದಕ್ಕಿಂತ ಸ್ವಲ್ಪ ಬೇರೆ. ನೈರೋಬಿಯ ಹುಡುಗರು ಆಡುವ ‘ಶೆಂಗ್’ ಅಂತೂ ಇಂಗ್ಲಿಷ್, ಸ್ವಾಹಿಲಿ, ಇನ್ನೂ ನಾಲ್ಕಾರು ಭಾಷೆ ಬೆರೆತ ಮಾತು, ದಾರ್ ಎಸ್ ಸಲಾಮಿನ ಹಿರಿಯರಿಗೆ ಅದು ಅರ್ಧಕ್ಕರ್ಧ ತಿಳಿಯುವುದಿಲ್ಲ.

ಕಾಂಗೋ ಕಡೆಯವರದ್ದು ಇನ್ನೊಂದು ದಾರಿ. ಬುಕಾವು, ಗೋಮಾ, ಲುಬುಂಬಾಶಿ ಕಡೆಯ ಸ್ವಾಹಿಲಿಯಲ್ಲಿ ಫ್ರೆಂಚ್ ಪದಗಳು ಧಾರಾಳವಾಗಿ ಬರುತ್ತವೆ, ಅದರಲ್ಲೂ ಪೊಲೀಸು, ಕೋರ್ಟು, ಕಾಗದಪತ್ರದ ವಿಷಯ ಬಂದಾಗ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿನ ಸರ್ಕಾರಿ ಕೆಲಸ ನಡೆಯುವುದೇ ಫ್ರೆಂಚ್‌ನಲ್ಲಿ. ತಾಂಜಾನಿಯಾದಲ್ಲಿ ಕಾನೂನು ಓದಿದ ದುಭಾಷಿಗೆ ಫ್ರೆಂಚ್ ಗಂಧಗಾಳಿ ಇಲ್ಲದಿದ್ದರೆ, ಕಾಂಗೋದ ಸಾಕ್ಷಿ ‘ಪ್ರೊಕ್ಯುರರ್’ ಅಂದಾಗ ಅದು ಸರ್ಕಾರದ ಪರ ಕೇಸು ನಡೆಸುವ ಅಧಿಕಾರಿ ಅಂತ ತಿಳಿಯದೆ ತಡವರಿಸುತ್ತಾರೆ. ಇದು ದುಭಾಷಿಯ ತಪ್ಪಲ್ಲ. ಗೊತ್ತುಮಾಡಿದವರ ತಪ್ಪು.

ಸೊಮಾಲಿಯಾದ ದಕ್ಷಿಣ ಕರಾವಳಿಯ ಬಜುನಿ ಜನರದ್ದು ಕಿಬಜುನಿ, ಬರಾವಾ ಊರಿನವರದ್ದು ಚಿಮ್ವೀನಿ. ಎರಡೂ ಸ್ವಾಹಿಲಿಯ ಹತ್ತಿರದ ನಂಟು. ಆದರೆ ಪುಸ್ತಕದ ಸ್ವಾಹಿಲಿ ಮಾತ್ರ ಬಲ್ಲ ದುಭಾಷಿಯನ್ನು ಅವರ ಮುಂದೆ ಕೂರಿಸಿದರೆ ಕೆಲಸ ಕೆಡುತ್ತದೆ. ಕೊಮೊರೋಸ್ ದ್ವೀಪಗಳ ಮಾತು ಕೇಳಲು ಸ್ವಾಹಿಲಿಯ ಹಾಗೇ ಇದ್ದರೂ ಬೇರೆಯೇ ಭಾಷೆ.

ಇನ್ನು, ಅರ್ಜಿಯಲ್ಲಿ ‘ಭಾಷೆ: ಸ್ವಾಹಿಲಿ’ ಅಂತ ಇದೆ ಅಂದಮಾತ್ರಕ್ಕೆ ಅದನ್ನೇ ನಂಬಬೇಡಿ. ನಿರಾಶ್ರಿತರ ಶಿಬಿರದಲ್ಲಿ ಯಾರೋ ಅವಸರದಲ್ಲಿ ಬರೆದದ್ದಿರಬಹುದು. ಎಷ್ಟೋ ಜನರಿಗೆ ಸಂತೆಯಲ್ಲಿ ಸಾಮಾನು ಕೊಳ್ಳುವಷ್ಟು ಸ್ವಾಹಿಲಿ ಸಾಕಾಗುತ್ತದೆ. ಮಗ ಹೇಗೆ ಸತ್ತ ಅಂತ ಹೇಳಲು ಸಾಕಾಗುವುದಿಲ್ಲ. ಅಂಥವರಿಗೆ ಅವರ ಮನೆಮಾತಿನ ದುಭಾಷಿ ಬೇಕಿರುತ್ತದೆ, ರುವಾಂಡಾ ಕಡೆಯ ಕಿನ್ಯಾರ್ವಾಂಡಾದ್ದೋ ಪೂರ್ವ ಕಾಂಗೋದ ಕಿಬೆಂಬೆಯದ್ದೋ.

ಹಾಗಾಗಿ ಹುಡುಕಾಟ ಶುರುವಾಗುವ ಮೊದಲೇ ಕಕ್ಷಿದಾರರ ಹತ್ತಿರ ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಿ. ಹುಟ್ಟಿದ್ದು ಯಾವ ದೇಶ, ಯಾವ ಊರು? ಮನೆಯಲ್ಲಿ ಅಮ್ಮನ ಜೊತೆ ಯಾವ ಮಾತು? ಶಾಲೆಗೆ ಹೋಗಿದ್ದರೆ ಯಾವ ಭಾಷೆಯಲ್ಲಿ ಓದಿದ್ದು? ಸ್ವಾಹಿಲಿ ಓದಲು ಬರೆಯಲು ಬರುತ್ತದಾ, ಮಾತು ಮಾತ್ರವಾ? ಹೆಂಗಸು ದುಭಾಷಿ ಬೇಕಾ, ಗಂಡಸು ಆದರೂ ಅಡ್ಡಿಯಿಲ್ಲವಾ? ಯಾವ ಊರಿನವರು, ಯಾವ ಜನಾಂಗದವರು ಬಂದರೆ ಬಾಯಿ ಕಟ್ಟುತ್ತದೆ? ಈ ಕೊನೆಯ ಪ್ರಶ್ನೆ ಕೇಳಲು ಮುಜುಗರವಾಗಬಹುದು, ಆದರೂ ಕೇಳಿ. ಊರು ಬಿಟ್ಟು ಓಡಿಬಂದವರ ಮುಂದೆ, ಓಡಿಸಿದವರ ಕಡೆಯ ಮಾತಿನ ಧಾಟಿ ಇರುವವರು ಕೂತರೆ ಆ ದಿನ ಒಂದು ಮಾತೂ ಹೊರಡುವುದಿಲ್ಲ.

ಯಾರನ್ನು ಕೂರಿಸಬಾರದು

ನೆಂಟರನ್ನು ಬೇಡ. ಮಕ್ಕಳನ್ನಂತೂ ಬೇಡವೇ ಬೇಡ, ಅವರು ಎಷ್ಟೇ ಚುರುಕಾಗಿದ್ದರೂ. ಅಮ್ಮನಿಗೆ ಆದದ್ದನ್ನು ಹತ್ತು ವರ್ಷದ ಹುಡುಗಿಯ ಬಾಯಲ್ಲಿ ಹೇಳಿಸುವುದು ಇಬ್ಬರಿಗೂ ಮಾಡುವ ಅನ್ಯಾಯ. ಅಮ್ಮ ಅರ್ಧ ಮುಚ್ಚಿಡುತ್ತಾಳೆ, ಮಗಳು ಉಳಿದ ಅರ್ಧವನ್ನು ಮೆತ್ತಗೆ ಮಾಡುತ್ತಾಳೆ. ಸಮುದಾಯದ ಹಿರಿಯರು, ಜೊತೆ ಆರೋಪಿ, ಎದುರು ಪಕ್ಷದ ಪರಿಚಯಸ್ಥರು, ಯಾರೂ ಬೇಡ. ಊರಿನ ಕಡೆಯವರು ಕಡಿಮೆ ಇರುವ ಜಾಗದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುತ್ತಾರೆ, ಮಾತು ಸಂಜೆಯೊಳಗೆ ಹರಡುತ್ತದೆ.

ಆಶ್ರಯ ಕೋರಿ ಬಂದವರ ಕೇಸಾಗಿದ್ದರೆ ಅವರ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡಿ ‘ದುಭಾಷಿ ಇದ್ದಾರಾ’ ಅಂತ ಕೇಳಲೇಬೇಡಿ. ಯಾವ ಸರ್ಕಾರಕ್ಕೆ ಹೆದರಿ ಬಂದರೋ ಅದೇ ಸರ್ಕಾರಕ್ಕೆ ಅವರ ವಿಳಾಸ ಕೊಟ್ಟಹಾಗೆ. ಬೇರೆ ಕೇಸುಗಳಲ್ಲಿ, ಉದಾಹರಣೆಗೆ ವ್ಯಾಪಾರದ ಒಪ್ಪಂದ, ಆಸ್ತಿ, ಮದುವೆ ನೋಂದಣಿ, ಇಲ್ಲೆಲ್ಲ ರಾಯಭಾರ ಕಚೇರಿಯಲ್ಲಿ ವಿಚಾರಿಸಿದರೆ ತೊಂದರೆಯಿಲ್ಲ.

ಎರಡನೇ ಹೆಜ್ಜೆ: ಕೆಲಸ ಯಾವುದು ಅಂತ ಬಿಡಿಸಿ ಹೇಳಿ

ಬಾಯಿಮಾತಿಗೆ ದುಭಾಷಿ, ಕಾಗದಕ್ಕೆ ಅನುವಾದಕ. ಸ್ವಾಹಿಲಿಯಲ್ಲೂ ‘ಮ್ಕಲಿಮಾನಿ’ ಬೇರೆ, ‘ಮ್ಫಸಿರಿ’ ಬೇರೆ. ಒಬ್ಬರೇ ಎರಡನ್ನೂ ಚೆನ್ನಾಗಿ ಮಾಡುವುದು ಉಂಟು, ಆದರೆ ಅದನ್ನು ಕೇಳಿ ತಿಳಿದುಕೊಳ್ಳಬೇಕು, ಅಂದುಕೊಳ್ಳಬಾರದು.

ಬಾಯಿಮಾತಿನಲ್ಲೂ ಬಗೆಗಳಿವೆ. ಒಬ್ಬರು ಮಾತು ಮುಗಿಸಿದ ಮೇಲೆ ಹೇಳುವುದು ಒಂದು, ಸಾಕ್ಷಿ ಹೇಳಿಕೆಗೆ, ಪಾಟೀಸವಾಲಿಗೆ ಇದೇ ಸರಿ. ಮಾತು ನಡೆಯುತ್ತಿರುವಾಗಲೇ ಕಿವಿಯಲ್ಲಿ ಪಿಸುಗುಟ್ಟುತ್ತಾ ಹೇಳುವುದು ಇನ್ನೊಂದು, ಆರೋಪಿಗೆ ಕೋರ್ಟಿನಲ್ಲಿ ಏನು ನಡೆಯುತ್ತಿದೆ ಅಂತ ತಿಳಿಸಲು ಇದು ಬೇಕು. ಇದು ತುಂಬ ದಣಿಸುವ ಕೆಲಸ. ಅರ್ಧ ಗಂಟೆ ಆಗುತ್ತಿದ್ದಂತೆ ತಪ್ಪುಗಳು ನುಸುಳುತ್ತವೆ, ಅದಕ್ಕೇ ದಿನವಿಡೀ ವಿಚಾರಣೆ ಇದ್ದರೆ ಇಬ್ಬರನ್ನು ಗೊತ್ತುಮಾಡಿ, ಸರದಿಯಲ್ಲಿ ಮಾಡುತ್ತಾರೆ. ಮೂರನೆಯದು ಕಾಗದ ನೋಡುತ್ತಾ ಗಟ್ಟಿಯಾಗಿ ಭಾಷೆ ಬದಲಿಸಿ ಓದುವುದು. ಧ್ವನಿಮುದ್ರಿಕೆ ಕೇಳಿ ಬರೆಯುವುದು ಬೇರೆಯೇ ಕೆಲಸ, ಅದಕ್ಕೆ ಸಮಯ ಬೇಕು, ‘ಕೋರ್ಟಲ್ಲೇ ಹಾಕ್ತೀವಿ, ಕೇಳಿ ಹೇಳಿಬಿಡಿ’ ಅಂದರೆ ಒಳ್ಳೆಯ ದುಭಾಷಿ ಒಪ್ಪುವುದಿಲ್ಲ.

ಯಾವ ಭಾಷೆಗೆ ಅನ್ನುವುದೂ ಮುಖ್ಯ. ಸ್ವಾಹಿಲಿಯಿಂದ ಇಂಗ್ಲಿಷಿಗೆ, ಫ್ರೆಂಚಿಗೆ ಹೇಳಬಲ್ಲವರು ಸಿಗುತ್ತಾರೆ. ನೇರವಾಗಿ ಕನ್ನಡಕ್ಕೆ ಹೇಳುವವರು ಸಿಗುವುದು ಬಹಳ ಕಷ್ಟ. ನಡುವೆ ಇಂಗ್ಲಿಷ್ ಬಂದು ಇಬ್ಬರು ದುಭಾಷಿಗಳ ಸರಪಳಿ ಆದರೆ, ಪ್ರತಿ ಕೊಂಡಿಯಲ್ಲೂ ಸ್ವಲ್ಪ ಸೋರುತ್ತದೆ. ಉದಾಹರಣೆಗೆ ‘ಅಲಿಕುಜ’ ಅಂದರೆ ಬಂದ ಅಥವಾ ಬಂದಳು. ಸ್ವಾಹಿಲಿ ಕ್ರಿಯಾಪದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ, ಆದರೆ ಒಬ್ಬರಾ ಹಲವರಾ ಅನ್ನುವುದು ಖಚಿತ: ಹಲವರಾದರೆ ‘ವಲಿಕುಜ’. ಕನ್ನಡಕ್ಕೆ ತರುವಾಗ ಗಂಡೋ ಹೆಣ್ಣೋ ತಿಳಿಯದೆ ಮರ್ಯಾದೆಗೆ ‘ಬಂದರು’ ಅಂತ ಹಾಕಿದಿರೋ, ಒಬ್ಬ ಬಂದನಾ ಹತ್ತು ಜನ ಬಂದರಾ ಅನ್ನುವುದೇ ಮಾಯ. ಕೇಸು ನಿಂತಿರುವುದೇ ಅದರ ಮೇಲೆ ಇರಬಹುದು. ಇಂಥ ಕಡೆ ದುಭಾಷಿ ತಾನಾಗಿ ಊಹಿಸದೆ, ಅನುಮತಿ ಕೇಳಿ, ‘ಗಂಡಸಾ ಹೆಂಗಸಾ’ ಅಂತ ಕೇಳಬೇಕು.

ಮೂರನೇ ಹೆಜ್ಜೆ: ಕೊಡಬೇಕಾದವರು ಯಾರು?

ಕ್ರಿಮಿನಲ್ ಕೇಸಿನಲ್ಲಿ ಕೋರ್ಟಿನ ಭಾಷೆ ತಿಳಿಯದ ಆರೋಪಿಗೆ ದುಭಾಷಿಯನ್ನು ಉಚಿತವಾಗಿ ಕೊಡಬೇಕು ಅಂತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ (1966) 14ನೇ ವಿಧಿ ಹೇಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2010ರ ನಿರ್ದೇಶನ ಇನ್ನೂ ಮುಂದೆ ಹೋಗಿ, ವಿಚಾರಣೆಗೆ ಸಂಬಂಧಪಟ್ಟಂತೆ ವಕೀಲರ ಜೊತೆಗಿನ ಮಾತುಕತೆಗೂ ದುಭಾಷಿ ಕೊಡಬೇಕು ಅನ್ನುತ್ತದೆ. ಕೀನ್ಯಾದ 2010ರ ಸಂವಿಧಾನದ 50ನೇ ವಿಧಿಯಲ್ಲೂ ಆರೋಪಿಗೆ ಈ ಹಕ್ಕಿದೆ. ಸಿವಿಲ್ ಕೇಸಿನಲ್ಲಿ, ವಲಸೆಯ ವಿಷಯದಲ್ಲಿ ನಿಯಮ ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಜೇಬಿಗೆ ಕೈಹಾಕುವ ಮೊದಲು ಕೋರ್ಟಿಗೋ ಕಚೇರಿಗೋ ಪತ್ರ ಬರೆದು ಕೇಳಿ. ಬಾಯಲ್ಲಿ ಕೇಳಿದರೆ ಸಾಲದು, ಬರವಣಿಗೆಯಲ್ಲಿ ಕೇಳಿ. ಕೇಳುವಾಗ ‘ಸ್ವಾಹಿಲಿ’ ಅಂತ ಮಾತ್ರ ಬರೆಯದೆ, ‘ಪೂರ್ವ ಕಾಂಗೋದ ಸ್ವಾಹಿಲಿ, ಫ್ರೆಂಚ್ ತಿಳಿದವರು, ಹೆಂಗಸು’ ಅಂತ ಬಿಡಿಸಿ ಬರೆಯಿರಿ.

ಕೋರ್ಟು ಕೊಟ್ಟ ದುಭಾಷಿ ಕೋರ್ಟಿನವರು. ಅವರು ನಿಮ್ಮ ಪರವೂ ಅಲ್ಲ, ಎದುರು ಪಕ್ಷದ ಪರವೂ ಅಲ್ಲ. ಅವರನ್ನೇ ವರಾಂಡಾದಲ್ಲಿ ನಿಲ್ಲಿಸಿಕೊಂಡು ಕಕ್ಷಿದಾರರ ಜೊತೆ ಗುಟ್ಟಿನ ಮಾತಾಡಬೇಡಿ. ಸಾಧ್ಯವಿದ್ದರೆ ವಕೀಲರ ಭೇಟಿಗಳಿಗೆ ನಿಮ್ಮದೇ ದುಭಾಷಿ ಇರಲಿ. ಅವರು ಕೋರ್ಟಿನಲ್ಲೂ ಹಿಂದೆ ಕೂತು ಕೇಳುತ್ತಿದ್ದರೆ ತಪ್ಪು ಆದ ಕೂಡಲೇ ನಿಮಗೆ ಚೀಟಿ ಕೊಡಬಲ್ಲರು. ದುಡ್ಡು ಇಬ್ಬರಿಗೆ ಆಗುತ್ತದೆ, ನಿಜ. ದೊಡ್ಡ ಕೇಸಿನಲ್ಲಿ ಅದು ದಂಡದ ಖರ್ಚಲ್ಲ.

ನಾಲ್ಕನೇ ಹೆಜ್ಜೆ: ಎಲ್ಲಿ ಹುಡುಕುವುದು

ಮೊದಲು ಕೋರ್ಟಿನ ಪಟ್ಟಿ. ಬಹಳ ದೇಶಗಳಲ್ಲಿ ಪ್ರಮಾಣ ಮಾಡಿದ ದುಭಾಷಿಗಳ ಪಟ್ಟಿ ಕೋರ್ಟಿನ ಆಡಳಿತದ ಬಳಿಯೇ ಇರುತ್ತದೆ.

ಆಮೇಲೆ ಸಾರ್ವಜನಿಕ ರಿಜಿಸ್ಟರುಗಳು. ಬ್ರಿಟನ್ನಿನಲ್ಲಿ 1994ರಲ್ಲಿ ಶುರುವಾದ ಎನ್‌ಆರ್‌ಪಿಎಸ್‌ಐ ಅನ್ನುವ ದುಭಾಷಿಗಳ ರಾಷ್ಟ್ರೀಯ ರಿಜಿಸ್ಟರಿದೆ, ಆನ್‌ಲೈನಿನಲ್ಲಿ ಭಾಷೆ ಹಾಕಿ ಹುಡುಕಬಹುದು. ದುಭಾಷಿಗಳಿಗೆಂದೇ ಇರುವ ಅಲ್ಲಿನ ಡಿಪಿಎಸ್‌ಐ ಡಿಪ್ಲೊಮಾದಲ್ಲಿ ಕಾನೂನಿಗೇ ಬೇರೆ ವಿಭಾಗವಿದೆ. ಆರೋಗ್ಯ ವಿಭಾಗದಲ್ಲಿ ಪಾಸಾದವರನ್ನು ಕೋರ್ಟಿಗೆ ಕರೆಯದೆ, ಕಾನೂನು ವಿಭಾಗ ಮಾಡಿದವರನ್ನೇ ಕೇಳಿ. ಆಸ್ಟ್ರೇಲಿಯಾದಲ್ಲಿ ನಾಟಿ ಅನ್ನುವ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ, ಅದರಲ್ಲಿ ಮೆಟ್ಟಿಲುಗಳಿವೆ. ಹಾಗಾಗಿ ‘ನಾಟಿ ಇದೆ’ ಅಂದರೆ ಸಾಲದು, ಯಾವ ಮೆಟ್ಟಿಲು ಅಂತ ಕೇಳಬೇಕು.

ಅಮೆರಿಕದ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿನ ಫೆಡರಲ್ ಕೋರ್ಟುಗಳ ಪ್ರಮಾಣೀಕರಣ ಪರೀಕ್ಷೆ ಈಗ ನಡೆಯುವುದು ಸ್ಪ್ಯಾನಿಷ್ ಭಾಷೆಗೆ ಮಾತ್ರ. ಬೇರೆ ಭಾಷೆಯವರನ್ನು ‘ವೃತ್ತಿಪರ ಅರ್ಹತೆ ಇರುವವರು’, ‘ಭಾಷಾ ಕೌಶಲ ಇರುವವರು’ ಅಂತ ಎರಡು ಗುಂಪು ಮಾಡುತ್ತಾರೆ. ಅಂದಮೇಲೆ ಯಾರಾದರೂ ‘ನಾನು ಫೆಡರಲ್ ಸರ್ಟಿಫೈಡ್ ಸ್ವಾಹಿಲಿ ದುಭಾಷಿ’ ಅಂತ ಹೇಳಿಕೊಂಡರೆ ಮಾತು ಅಲ್ಲಿಗೇ ನಿಲ್ಲಿಸಿ. ಹೆಸರಿನ ಮುಂದೆ ಸುಳ್ಳು ಹಾಕಿಕೊಂಡವರು ಕೋರ್ಟಿನಲ್ಲಿ ಪ್ರಮಾಣ ಮಾಡಿ ಏನು ಹೇಳಿಯಾರು?

ತಾಂಜಾನಿಯಾದಲ್ಲಿ ಬಾಕಿತಾ ಅಂತ ರಾಷ್ಟ್ರೀಯ ಸ್ವಾಹಿಲಿ ಮಂಡಳಿ ಇದೆ, 1967ರಿಂದ. ಜಾಂಜಿಬಾರಿನದ್ದು ಬಾಕಿಜಾ. ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದಲ್ಲಿ ಸ್ವಾಹಿಲಿ ಅಧ್ಯಯನಕ್ಕೇ ಒಂದು ಸಂಸ್ಥೆಯಿದೆ. ತಾಂಜಾನಿಯಾದಲ್ಲಿ 2021ರ ಕಾನೂನು ತಿದ್ದುಪಡಿ ಸ್ವಾಹಿಲಿಯನ್ನೇ ನ್ಯಾಯಾಲಯದ ಭಾಷೆ ಮಾಡಿದೆ, ಹಾಗಾಗಿ ಸ್ವಾಹಿಲಿಯ ಕಾನೂನು ಪದಗಳು ಬಾಯಿಗೆ ಹತ್ತಿದ ವಕೀಲರು ಅಲ್ಲಿ ಸಿಗುತ್ತಾರೆ. ದುಭಾಷಿಯಾಗಿ ಅಲ್ಲದಿದ್ದರೂ, ಒಂದು ಪದದ ಬಗ್ಗೆ ಜಗಳ ಬಂದಾಗ ಕೇಳಲು ಅಂಥವರ ಪರಿಚಯ ಒಳ್ಳೆಯದು.

ನಿರಾಶ್ರಿತರ ಜೊತೆ ಕೆಲಸ ಮಾಡುವ ಸಂಸ್ಥೆಗಳನ್ನು ಕೇಳಿ. ಅವರಿಗೆ ಯಾರು ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರೆ, ಯಾರು ಸುಮ್ನೆ ಹತ್ತು ಮಾತನ್ನು ಎರಡಕ್ಕೆ ಇಳಿಸುತ್ತಾರೆ ಅನ್ನುವುದು ಅನುಭವದಿಂದ ಗೊತ್ತಿರುತ್ತದೆ. ಏಜೆನ್ಸಿಗಳೂ ಇವೆ. ಏಜೆನ್ಸಿ ಮೂಲಕ ಹೋದರೆ ಬರುವ ವ್ಯಕ್ತಿಯ ಹೆಸರು, ಅರ್ಹತೆ ಮೊದಲೇ ಕೇಳಿ. ಕಾನೂನಿನ ದುಭಾಷಿ ಕೆಲಸಕ್ಕೆ ಐಎಸ್‌ಒ 20228 ಅಂತ 2019ರ ಮಾನದಂಡವಿದೆ, ಅದನ್ನು ಪಾಲಿಸುತ್ತೀರಾ ಅಂತ ಕೇಳಿದಾಗ ಅವರು ಕೊಡುವ ಉತ್ತರದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಐದನೇ ಹೆಜ್ಜೆ: ಹದಿನೈದು ನಿಮಿಷ ಮಾತಾಡಿ ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ನಿಮಗೆ ಸ್ವಾಹಿಲಿ ಬರಬೇಕಿಲ್ಲ. ಕೆಲವು ಪದ ಕೊಟ್ಟು ‘ಇದನ್ನು ಕೋರ್ಟಿನಲ್ಲಿ ಹೇಗೆ ಹೇಳ್ತೀರಿ?’ ಅಂತ ಕೇಳಿ. ಉತ್ತರಕ್ಕಿಂತ ಅವರು ಯೋಚಿಸುವ ರೀತಿ ನೋಡಿ.

ಮೊದಲನೆಯದು ಗಂಟೆ. ‘ಸಾ ನಾನೆ ಉಸಿಕು’ ಅಂದರೆ? ಪದಕ್ಕೆ ಪದ ಹಾಕಿದರೆ ರಾತ್ರಿ ಎಂಟು, ನಿಜಕ್ಕೂ ಬೆಳಗಿನ ಜಾವದ ಎರಡು. ಒಳ್ಳೆಯವರು ‘ಎರಡು ಗಂಟೆ’ ಅನ್ನುತ್ತಾರೆ. ಇನ್ನೂ ಒಳ್ಳೆಯವರು, ‘ಹೊರದೇಶದಲ್ಲಿ ಬಹಳ ವರ್ಷ ಇದ್ದವರು ಎರಡೂ ಲೆಕ್ಕ ಬೆರೆಸುತ್ತಾರೆ, ಅದಕ್ಕೇ ಒಮ್ಮೆ ಖಚಿತ ಮಾಡಿಕೊಳ್ಳುತ್ತೇನೆ’ ಅಂತ ಸೇರಿಸುತ್ತಾರೆ. ಅಂಥವರನ್ನು ಬಿಡಬೇಡಿ.

ಎರಡನೆಯದು ನೆಂಟಸ್ತಿಕೆ. ‘ಬಾಬಾ ಮ್ದೋಗೊ’ ಪದಶಃ ಸಣ್ಣ ಅಪ್ಪ, ಅಂದರೆ ಚಿಕ್ಕಪ್ಪ. ‘ಬಾಬಾ ಮ್ಕುಬ್ವ’ ದೊಡ್ಡಪ್ಪ. ‘ಮ್ಜೋಂಬ’ ಸೋದರಮಾವ, ‘ಶಂಗಾಜಿ’ ಸೋದರತ್ತೆ. ಕನ್ನಡದವರಿಗೆ ಇದು ಸಲೀಸು, ನಮ್ಮಲ್ಲಿ ಇರುವ ಹಾಗೇ ಇದೆ. ಆದರೆ ನಡುವೆ ಇಂಗ್ಲಿಷ್ ಬಂದಾಗ ಎಲ್ಲರೂ ‘ಅಂಕಲ್’ ಆಗಿಬಿಡುತ್ತಾರೆ. ಇನ್ನೂ ಕೆಟ್ಟದ್ದು, ಚಿಕ್ಕಪ್ಪನನ್ನು ಸುಮ್ಮನೆ ‘ಬಾಬಾ’ ಅಂತಲೂ ಕರೆಯುವುದುಂಟು. ಒಂದು ಕಡೆ ‘ಅಪ್ಪ ತೀರಿಕೊಂಡರು’, ಇನ್ನೊಂದು ಕಡೆ ‘ಅಪ್ಪನ ಮನೆಯಲ್ಲಿ ಬೆಳೆದೆ’ ಅಂತ ದಾಖಲಾದರೆ ಮುಂದೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ‘ಕಾಕಾ’ ಅನ್ನುವುದನ್ನೂ ಕೇಳಿ. ಕನ್ನಡದಲ್ಲಿ ಕೆಲವರಿಗೆ ಅದು ಚಿಕ್ಕಪ್ಪ, ಸ್ವಾಹಿಲಿಯಲ್ಲಿ ಅಣ್ಣ.

ಮೂರನೆಯದು ‘ಪೋಲೆ’. ಯಾರಿಗಾದರೂ ನೋವಾದಾಗ, ಸಾವಾದಾಗ, ಬಸ್ಸಿನಲ್ಲಿ ಯಾರದ್ದೋ ಚೀಲ ಬಿದ್ದಾಗಲೂ ಹೇಳುವ ಮಾತು ಇದು. ‘ಅಯ್ಯೋ ಪಾಪ’, ‘ಹೀಗಾಗಬಾರದಿತ್ತು’ ಅನ್ನುವ ಭಾವ. ಕ್ಷಮೆ ಕೇಳುವುದಕ್ಕೆ ‘ಸಮಹಾನಿ’ ಅಂತಲೋ ‘ನಿಸಮೇಹೆ’ ಅಂತಲೋ ಬೇರೆ ಮಾತಿದೆ. ಆರೋಪಿ ಗಾಯಗೊಂಡವನಿಗೆ ‘ಪೋಲೆ’ ಅಂದದ್ದನ್ನು ‘ಸಾರಿ’ ಅಂತ ಬರೆದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ.

ನಾಲ್ಕನೆಯದು ‘ಕುಪಿಗ’, ಹೊಡೆಯುವುದು. ನಾವು ಫೋನ್ ಹೊಡಿ, ಗುಂಡು ಹೊಡಿ ಅಂದ ಹಾಗೆ ಅವರೂ ‘ಕುಪಿಗ ಸಿಮು’ ಅಂದರೆ ಫೋನ್ ಮಾಡುವುದು, ‘ಕುಪಿಗ ರಿಸಾಸಿ’ ಅಂದರೆ ಗುಂಡು ಹಾರಿಸುವುದು ಅನ್ನುತ್ತಾರೆ. ವಾಕ್ಯ ಪೂರ್ತಿ ಕೇಳದೆ ‘ಹೊಡೆದ’ ಅಂತ ಬಾಯಿಬಿಟ್ಟವರು ಎಷ್ಟು ಅನಾಹುತ ಮಾಡಬಲ್ಲರು ನೋಡಿ.

ಇನ್ನು ಕಾನೂನಿನ ಪದ. ಕ್ರಿಮಿನಲ್ ಆರೋಪಕ್ಕೆ ‘ಶ್ತಾಕ’, ಸಿವಿಲ್ ಕೋರಿಕೆಗೆ ‘ದಾಯಿ’. ಅಫಿಡವಿಟ್‌ಗೆ ‘ಹಾತಿ ಯಾ ಕಿಯಾಪೊ’, ಮೇಲ್ಮನವಿಗೆ ‘ರುಫಾ’. ಇವನ್ನು ಕೇಳಿದಾಗ ತಡವರಿಸದೆ ವ್ಯತ್ಯಾಸ ಹೇಳಬೇಕು. ಅಂದ ಹಾಗೆ ಇಲ್ಲಿ ಕನ್ನಡ ಕಿವಿಗೆ ಒಂದು ಬಲೆ ಇದೆ. ವಕೀಲರಿಗೆ ಸ್ವಾಹಿಲಿಯಲ್ಲಿ ‘ವಕೀಲಿ’, ತಾರೀಖಿಗೆ ‘ತಾರೇಹೆ’, ಕೇಸಿಗೆ ‘ಕೇಸಿ’, ಕೋರ್ಟಿಗೆ ‘ಕೋರ್ಟಿ’, ಜಾಮೀನಿಗೆ ‘ಧಮಾನ’. ಅರಬ್ಬಿಯಿಂದ, ಇಂಗ್ಲಿಷಿನಿಂದ ಎರಡೂ ಕಡೆಗೆ ಹೋದ ಪದಗಳು. ಕೇಳಿದರೆ ಖುಷಿಯಾಗುತ್ತದೆ, ‘ಅರೆ, ನಂಗೂ ಅರ್ಥ ಆಗ್ತಿದೆ’ ಅನ್ನಿಸುತ್ತದೆ. ಆದರೆ ‘ಹಾಕಿಮು’ ಅಂದರೆ ವೈದ್ಯ ಹಕೀಮರಲ್ಲ, ಮ್ಯಾಜಿಸ್ಟ್ರೇಟರು. ‘ಧಮಾನ’ ಕೂಡ ಕ್ರಿಮಿನಲ್ ಕೇಸಿನಲ್ಲಿ ಜಾಮೀನು, ಸಾಲದ ಕಾಗದದಲ್ಲಿ ಭದ್ರತೆ. ಪರಿಚಿತ ಪದ ಕಂಡಲ್ಲೆಲ್ಲ ಒಂದು ಕ್ಷಣ ನಿಲ್ಲಿ.

ಕೊನೆಗೆ ಒಂದು ಪ್ರಶ್ನೆ: ‘ನಿಮಗೆ ಒಂದು ಪದ ಗೊತ್ತಾಗದಿದ್ದರೆ ಏನು ಮಾಡ್ತೀರಿ?’ ‘ಹಾಗೆ ಆಗೋದೇ ಇಲ್ಲ’ ಅಂದವರು ಬೇಡ. ‘ಕೋರ್ಟಿಗೆ ಹೇಳಿ, ಅನುಮತಿ ತಗೊಂಡು, ಸಾಕ್ಷಿಯನ್ನೇ ಕೇಳ್ತೀನಿ’ ಅಂದವರು ಬೇಕು.

ಆರನೇ ಹೆಜ್ಜೆ: ದುಡ್ಡು ಮತ್ತು ಒಪ್ಪಂದ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಂಟೆ ಲೆಕ್ಕವಾ, ದಿನದ ಲೆಕ್ಕವಾ, ಕನಿಷ್ಠ ಎಷ್ಟು ಗಂಟೆ, ಪ್ರಯಾಣದ ಖರ್ಚು ಯಾರದ್ದು, ವಾಯಿದೆ ಬಿದ್ದರೆ ಎಷ್ಟು ಕೊಡಬೇಕು, ಎಲ್ಲ ಇಮೇಲಿನಲ್ಲಿ ಬರೆದುಕೊಳ್ಳಿ. ಗುಟ್ಟು ಕಾಪಾಡುವ ಮಾತು ಬರವಣಿಗೆಯಲ್ಲಿರಲಿ, ಕೆಲಸದ ವೇಳೆ ಗೀಚಿಕೊಂಡ ಟಿಪ್ಪಣಿಯನ್ನು ಆಮೇಲೆ ಹರಿದುಹಾಕುತ್ತಾರಾ ನಿಮಗೆ ಕೊಡುತ್ತಾರಾ ಅನ್ನುವುದೂ ಸೇರಲಿ. ಎರಡೂ ಕಡೆಯವರ ಹೆಸರು ಹೇಳಿ, ಪರಿಚಯ ಇದೆಯಾ ಅಂತ ಕೇಳಿ. ‘ಗೆದ್ದರೆ ಇಷ್ಟು ಪಾಲು’ ಅನ್ನುವ ಒಪ್ಪಂದ ಬೇಡವೇ ಬೇಡ. ದುಭಾಷಿಗೆ ತೀರ್ಪಿನಲ್ಲಿ ಪಾಲಿದ್ದರೆ ಅವರ ಬಾಯಿಂದ ಬಂದ ಒಂದು ಮಾತನ್ನೂ ಯಾರೂ ನಂಬುವುದಿಲ್ಲ.

ಏಳನೇ ಹೆಜ್ಜೆ: ಮುಂಚಿತವಾಗಿ ಕಾಗದ ಕೊಡಿ

ವಕೀಲರು ಕೆಲವರು ‘ದುಭಾಷಿಗೆ ಕೇಸು ಯಾಕೆ ಗೊತ್ತಾಗಬೇಕು’ ಅನ್ನುತ್ತಾರೆ. ಗೊತ್ತಾಗಬೇಕು. ಜನರ ಹೆಸರು, ಊರುಗಳ ಹೆಸರು, ತಾರೀಖು, ಆರೋಪದ ಕಾಗದ, ವೈದ್ಯರ ವರದಿ, ಇವುಗಳ ಪ್ರತಿ ಎರಡು ಮೂರು ದಿನ ಮೊದಲೇ ಕೈಗೆ ಬಂದರೆ, ಗಾಯದ ಹೆಸರು, ಆಯುಧದ ಹೆಸರು ಎಲ್ಲ ನೋಡಿಟ್ಟುಕೊಂಡು ಬರುತ್ತಾರೆ. ವಿಷಯ ಲೈಂಗಿಕ ದೌರ್ಜನ್ಯದ್ದಾಗಿದ್ದರೆ ಮೊದಲೇ ತಿಳಿಸಿ. ‘ನನಗೆ ಕೆಟ್ಟ ಕೆಲಸ ಮಾಡಿದ’ ಅಂತ ಮುಚ್ಚಿ ಹೇಳುವವರ ಮಾತನ್ನು ದುಭಾಷಿ ತಾನೇ ಬಿಚ್ಚಿ ಕಠೋರ ಮಾಡಬಾರದು, ಇನ್ನೂ ಮೆತ್ತಗೆ ಮಾಡಲೂಬಾರದು. ಹೇಳಿದ್ದನ್ನು ಹೇಳಿದ ಹಾಗೇ ಕೊಡಬೇಕು. ಬಿಡಿಸಿ ಕೇಳುವುದು ವಕೀಲರ ಕೆಲಸ.

ಮುಂಚಿನ ದಿನ, ಇಲ್ಲವೇ ವಿಚಾರಣೆಗೆ ಅರ್ಧ ಗಂಟೆ ಮೊದಲು, ದುಭಾಷಿ ಮತ್ತು ಕಕ್ಷಿದಾರರು ಐದು ನಿಮಿಷ ಮಾತಾಡಲಿ. ಕೇಸಿನ ಬಗ್ಗೆ ಅಲ್ಲ, ಯಾವ ಊರು, ಪ್ರಯಾಣ ಹೇಗಿತ್ತು, ಅಷ್ಟೇ. ನಿಮ್ಮ ವಕೀಲರು ಜೊತೆಗಿರಲಿ. ಆಮೇಲೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ: ‘ಪೂರ್ತಿ ಅರ್ಥ ಆಯ್ತಾ?’ ಕಕ್ಷಿದಾರರು ಸಂಕೋಚದಿಂದ ತಲೆಯಾಡಿಸುತ್ತಾರೆ. ಅದಕ್ಕೆ ‘ಅವರು ಏನು ಹೇಳಿದರು ಅಂತ ನನಗೆ ಹೇಳಿ’ ಅಂತ ಕೇಳುವುದೇ ಮೇಲು.

ಆ ದಿನ

ಸಾಕ್ಷಿಯನ್ನು ನೋಡಿ ಮಾತಾಡಿ, ದುಭಾಷಿಯನ್ನಲ್ಲ. ‘ಅವರನ್ನು ಕೇಳಿ, ಎಲ್ಲಿದ್ದರು ಅಂತ’ ಅನ್ನಬೇಡಿ, ‘ನೀವು ಎಲ್ಲಿದ್ದಿರಿ?’ ಅಂತ ನೇರ ಕೇಳಿ. ದುಭಾಷಿಯೂ ‘ನಾನು’ ಅಂತಲೇ ಹೇಳಬೇಕು, ‘ಆಕೆ ಹೇಳ್ತಿದ್ದಾಳೆ’ ಅಂತಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ.

‘ಇಲ್ಲ’ ಸೇರಿಸಿದ ಪ್ರಶ್ನೆ ಬೇಡ. ‘ನೀವು ಅಲ್ಲಿಗೆ ಹೋಗಲಿಲ್ವಾ?’ ಅಂದರೆ ನಾವು ‘ಹೌದು’ ಅಂತೀವಿ, ಅಂದರೆ ಹೋಗಲಿಲ್ಲ ಅಂತ. ಸ್ವಾಹಿಲಿಯ ‘ನ್ದಿಯೊ’ ಕೂಡ ಹಾಗೇ. ಇಂಗ್ಲಿಷಿಗೆ ‘ಯೆಸ್’ ಅಂತ ಹೋದರೆ ಅರ್ಥ ತಲೆಕೆಳಗು. ‘ಜುಜಿ’ ಅನ್ನುವುದೂ ನಮ್ಮ ‘ಮೊನ್ನೆ’ಯ ಹಾಗೆ. ಲೆಕ್ಕದಲ್ಲಿ ನಿನ್ನೆಯ ಹಿಂದಿನ ದಿನ, ಮಾತಿನಲ್ಲಿ ಹೋದ ವಾರವೂ ಆಗಬಹುದು, ಹೋದ ತಿಂಗಳೂ ಆಗಬಹುದು. ತಾರೀಖು ಕೇಳಿ.

ಕಿವಿ ತೆರೆದಿಟ್ಟುಕೊಳ್ಳಿ. ಸಾಕ್ಷಿ ಎರಡು ನಿಮಿಷ ಮಾತಾಡಿ ದುಭಾಷಿ ಒಂದೇ ವಾಕ್ಯ ಹೇಳಿದರೆ, ಇಲ್ಲವೇ ಇಬ್ಬರೂ ತಮ್ಮತಮ್ಮಲ್ಲೇ ಮಾತಿಗಿಳಿದರೆ, ನಿಲ್ಲಿಸಿ ಕೇಳಿ. ಆಗಲೇ ದಾಖಲು ಮಾಡಿಸಿ. ಸುಮ್ಮನೆ ಕೂತು ಆಮೇಲೆ ಮೇಲ್ಮನವಿಯಲ್ಲಿ ಹೇಳಿದರೆ, ‘ಆಗ ಯಾಕೆ ಸುಮ್ಮನಿದ್ದಿರಿ’ ಅನ್ನುತ್ತಾರೆ. ಊಟದ ಬಿಡುವು ಬಿಟ್ಟು ಬೇರೆ ಬಿಡುವೂ ಬೇಕು, ದುಭಾಷಿ ಕೇಳಲು ಹಿಂಜರಿದರೆ ನೀವೇ ಕೇಳಿ.

ಯಾರೂ ಸಿಗದಿದ್ದರೆ

ವಿಡಿಯೋ ಕರೆಯಲ್ಲಿ ದೂರದವರನ್ನು ತನ್ನಿ. ಫೋನಿಗಿಂತ ವಿಡಿಯೋ ಮೇಲು, ಮುಖ ಕಂಡರೆ ಅರ್ಧ ತೊಡಕು ಬಿಡಿಸಿಕೊಳ್ಳುತ್ತದೆ. ಅದೂ ಆಗದಿದ್ದರೆ ವಾಯಿದೆ ಕೇಳಿ. ಕಕ್ಷಿದಾರರು ಜೈಲಿನಲ್ಲಿದ್ದರೆ ವಾಯಿದೆ ಕೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಇನ್ನೊಂದು ವಾರ ಒಳಗೇ ಇರಬೇಕಾಗುತ್ತದೆ. ಅದಕ್ಕೇ ಆ ತೀರ್ಮಾನ ಅವರೇ ಮಾಡಲಿ, ಎರಡೂ ದಾರಿಯ ಅಪಾಯವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ. ಮೊಬೈಲಿನ ಅನುವಾದದ ಆಪ್ ‘ಕುಡಿಯೋಕೆ ನೀರು ಬೇಕಾ’ ಅಂತ ಕೇಳಲು ಸಾಕು. ಹೇಳಿಕೆ ಬರೆಸಿಕೊಳ್ಳಲು ಬೇಡ.

ಕಾಗದದ ಅನುವಾದ, ಮತ್ತು ತಪ್ಪು ಆಮೇಲೆ ಕಂಡರೆ

ಜನನ ಪತ್ರ, ಮದುವೆ ಪತ್ರ, ಒಪ್ಪಂದ, ವಾಟ್ಸಾಪ್ ಸಂದೇಶ, ಯಾವುದೇ ಇರಲಿ, ಅನುವಾದದ ಜೊತೆ ಅನುವಾದಕರ ಹೆಸರು, ಸಹಿ, ತಾರೀಖು, ‘ಇದು ಪೂರ್ತಿ ಮತ್ತು ಸರಿಯಾದ ಅನುವಾದ’ ಅನ್ನುವ ಹೇಳಿಕೆ ಇರಬೇಕು. ನೋಟರಿ ಬೇಕಾ ಅಂತ ಆ ಕಚೇರಿಯನ್ನೇ ಕೇಳಿ. ಮೂಲದಲ್ಲಿರುವ ಮೊಹರು, ಅಂಚಿನ ಕೈಬರಹ ಕೂಡ ಅನುವಾದದಲ್ಲಿ ಬರಬೇಕು. ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ, ಸಯೀದ್ ಅಂತ ಒಂದರಲ್ಲಿ, ಸಯೀದಿ ಅಂತ ಇನ್ನೊಂದರಲ್ಲಿ. ಅನುವಾದಕರು ಅದನ್ನು ತಾವೇ ಸರಿಮಾಡಬಾರದು, ಇದ್ದ ಹಾಗೇ ಬರೆದು ಟಿಪ್ಪಣಿ ಹಾಕಬೇಕು.

ಹೇಳಿಕೆಯ ಪ್ರತಿ ಕೈಗೆ ಬಂದ ದಿನವೇ ಕಕ್ಷಿದಾರರಿಗೆ ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿಸಿ, ಸಾಧ್ಯವಾದರೆ ಬೇರೆ ದುಭಾಷಿಯಿಂದ. ತಪ್ಪು ಕಂಡರೆ ಅವ​ತ್ತೇ ಬರೆದು ಕೊಡಿ: ಯಾವ ಪುಟ, ಯಾವ ಸಾಲು, ಆಡಿದ ಮಾತು ಏನು, ಬರೆದದ್ದು ಏನು, ವ್ಯತ್ಯಾಸ ಯಾಕೆ. ಧ್ವನಿಮುದ್ರಿಕೆ ಇದ್ದರೆ ಅದರ ಪ್ರತಿ ಕೇಳಿ, ಅಳಿಸಿಹಾಕಬೇಡಿ ಅಂತ ಪತ್ರ ಕೊಡಿ.

ಮೊದಲು ಹೇಳಿದ ಆ ಹೆಂಗಸಿನ ವಿಷಯದಲ್ಲೂ ನಾವು ಮಾಡಿದ್ದು ಇದನ್ನೇ. ಮೊದಲ ಹೇಳಿಕೆಯ ಧ್ವನಿಮುದ್ರಿಕೆ ತರಿಸಿದೆವು. ಬೇರೊಬ್ಬ ದುಭಾಷಿ ಅದನ್ನು ಕೇಳಿ, ಸ್ವಾಹಿಲಿ ಗಡಿಯಾರದ ಲೆಕ್ಕವನ್ನು ಒಂದು ಪುಟದಲ್ಲಿ ವಿವರಿಸಿ, ಪ್ರಮಾಣ ಮಾಡಿ ಸಹಿ ಹಾಕಿದರು. ಮುಂದಿನ ಸಲ ಅಧಿಕಾರಿ ಆ ಪುಟ ಓದಿ, ಗೆರೆ ಎಳೆದಿದ್ದ ಜಾಗದಲ್ಲಿ ‘2’ ಹೊಡೆದುಹಾಕಿ ‘8’ ಅಂತ ಬರೆದು, ಪಕ್ಕದಲ್ಲಿ ಸಹಿ ಮಾಡಿದರು. ಆಮೇಲೆ ಆಕೆಯ ಕಡೆ ತಿರುಗಿ, ‘ಸರಿ, ಎಂಟು ಗಂಟೆಗೆ ಬಂದರು. ಆಮೇಲೆ ಏನಾಯಿತು?’ ಅಂತ ಕೇಳಿದರು.